ಭೋರಡಿಗಳ ಹನ್ನೆರಡನೆಯ ವಹಿ

ಗಡಹಿಂಗ್ಲಜ
ಭಾನುವಾರ, ೨೦ ಸೆಪ್ಟೆಂಬರ್ ೧೯೬೪

ನನ್ನ ಯಮುನಾ,

ನಿನ್ನ ಬಾಳಕ್ಕ ವೈನಿಯ ಆಶೀರ್ವಾದಗಳು. ಸಾಲೆಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತವರು. ಆದರೂ ನಿನ್ನ ಅಣ್ಣನನ್ನು ಕಟ್ಟಿಕೊಂಡ ದಿನದಿಂದ ನಿನಗೆ ಆಶೀರ್ವಾದ ಮಾಡುವ ಅಧಿಕಾರ ನನ್ನದಾಗಿದೆ. ಅದನ್ನು ನಾನು ಬಿಡುವವಳಲ್ಲ.

ನಿನ್ನ ಎರಡು ಪತ್ರಗಳು ಬಂದು ತಿಂಗಳಾಗುತ್ತ ಬಂತು. ಮೊದಲನೆಯದರಲ್ಲಿ ಗೌರಿಹಬ್ಬಕ್ಕೆ ಇಚಲಕರಂಜಿಗೆ ಬಾ ಎಂದು ಕರೆದಿದ್ದೆ. ಎರಡನೆಯದರಲ್ಲಿ ಹಬ್ಬದ ಸುದ್ದಿಯೇ ಇಲ್ಲ. "ವೈನಿ, ನೀ ಕೊಲ್ಹಾಪುರದಾಗ ತುಂಬಿದ ಸಭಾದಾಗ ಯಾವನೋ ಪ್ರೊಫೆಸರನ ಮರ್ಯಾದಿ ಕಳದಿಯಂತ. ನಮ್ಮ ಮಗ್ಗದ ಶೆಡ್ಡಿನ್ಯಾಗ ಮಂದಿ ಮಾತಾಡಾಕತ್ತಾರ. ಖರೇ ಏನ?" ಎಂದು ಕೇಳಿದ್ದೆ.

ಖರೇ, ಯಮುನಾ. ಉತ್ತರ ಬರೆಯಲು ತಡವಾದದ್ದು ಸೋಮಾರಿತನದಿಂದಲ್ಲ. ಇದನ್ನು ಕೆಲವು ದಿನ ಒಬ್ಬಳೇ ಇಟ್ಟುಕೊಂಡು ಸುಖಪಡಬೇಕೆನಿಸಿತ್ತು. ಕಾಗದಕ್ಕೆ ಇಳಿಸಿದರೆ ಎಲ್ಲಿ ಕಡಿಮೆಯಾಗುತ್ತದೋ ಎಂದು ಹೆದರಿದ್ದೆ. ಅದಕ್ಕೆ ನನ್ನನ್ನು ಕ್ಷಮಿಸು.

ಇಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ. ಮೂರನೆಯ ಇಯತ್ತೆಯ ಕೋಣೆ ಸೋರುತ್ತಿದೆ, ಹುಡುಗಿಯರನ್ನು ನಾಲ್ಕನೆಯವರ ಜೊತೆಗೇ ಕೂಡಿಸಿಕೊಂಡು ಪಾಠ ಮಾಡುತ್ತಿದ್ದೇನೆ. ಮಹಾಗಾಂವದಿಂದ ನಡೆದುಬರುವ ಮಕ್ಕಳು ಹಳ್ಳ ಬಂದರೆ ಸಾಲೆ ತಪ್ಪಿಸುತ್ತಾರೆ. ನನ್ನ ಮೊಣಕಾಲು ನೋವು ಇದ್ದಷ್ಟೇ ಇದೆ. ಇನ್ನು ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಅರ್ಧ ನಿನಗೆ ಗೊತ್ತು, ಆದರೂ ಮೊದಲಿಂದ ಹೇಳುತ್ತೇನೆ. ಸಿಟ್ಟನ್ನು ಮೊದಲಿಂದ ಹೇಳದಿದ್ದರೆ ಅದು ಬರೀ ಕೆಟ್ಟತನದಂತೆ ಕಾಣುತ್ತದೆ.

ನಿನ್ನ ಅಣ್ಣನಿಗೆ ಆ ಹಕ್ಕಿಗಳ ಹುಚ್ಚು ಹಿಡಿದದ್ದು ನಮ್ಮೂರು ಅಕಿವಾಟದ ಹೊಲ ಕಾಯುವಾಗ. ಭೋರಡಿಗಳ ಹಿಂಡು ಜೋಳದ ಮೇಲೆ ಇಳಿಯಿತೆಂದರೆ ತೆನೆಯಲ್ಲಿ ಕಾಳು ಉಳಿಯುವುದಿಲ್ಲ. ಗುಲಾಬಿ ಮೈ, ಕರಿ ತಲೆ, ಕಿವಿ ಹರಿಯುವ ಗದ್ದಲ. ಎಲ್ಲರೂ ಅಟ್ಟದ ಮೇಲೆ ನಿಂತು ಕವಣೆ ಬೀಸಿದರು. ಇವರೂ ಬೀಸಿದರು. ಆದರೆ ಅವು ಯಾವ ದಿನ ಬಂದವು ಎಂದು ಬರೆದಿಟ್ಟರೆ ಮುಂದಿನ ವರ್ಷ ಮೊದಲೇ ತಯಾರಾಗಿ ಇರಬಹುದು ಎಂಬ ಲೆಕ್ಕ ಇವರ ತಲೆಗೆ ಬಂತು. ೧೯೪೮ರಲ್ಲಿ ಮೊದಲನೆಯ ವಹಿ, ಆಮೇಲೆ ವರ್ಷಕ್ಕೊಂದು ಬರೆಯುವ ಪುಸ್ತಕ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವರು, ಅಕ್ಷರ ಮರೆತಿದ್ದರು. ನಾನೇ ಕೈ ಹಿಡಿದು ಮತ್ತೆ ತಿದ್ದಿಸಿದೆ.

ಎರಡು ಮೂರು ವರ್ಷದಲ್ಲಿ ಜೋಳದ ಚಿಂತೆ ಹಿಂದೆ ಬಿತ್ತು, ಹಕ್ಕಿಯ ಚಿಂತೆ ಮುಂದೆ ಬಂತು. ಶ್ರಾವಣದಲ್ಲಿ ಬರುತ್ತವೆ, ಚೈತ್ರ ಮುಗಿಯುವುದರೊಳಗೆ ಹೋಗುತ್ತವೆ. ಯಾಕೆ ಹೋಗುತ್ತವೆ? "ಬಿಸಲಿಗೆ ಹೋಗ್ತಾವ" ಎಂದರು ಊರವರು. ಇವರು ಒಪ್ಪಲಿಲ್ಲ. "ಅವು ಹೋಗೂ ಮುಂದ ಬಿಸಲ ಇನ್ನೂ ಏರಿರೂದುಲ್ಲ. ಆಲದ ಹಣ್ಣ ಗಿಡದ ತುಂಬ ಇರ್ತಾವ. ಹೊಟ್ಟಿಗೆ ಕಡಿಮಿ ಇಲ್ಲ. ಅಂದಮ್ಯಾಗ ಬ್ಯಾರೆ ಏನೋ ಕರೀತೈತಿ" ಎನ್ನುತ್ತಿದ್ದರು. ಮರಿಗೆ ಕಾಳು ದಕ್ಕುವುದಿಲ್ಲ, ಹುಳ ಬೇಕು. ಮಿಡತೆ ಮುತ್ತುವ ಯಾವುದೋ ದೂರದ ಬಯಲಿಗೆ ಇವು ಮರಿ ಮಾಡಲು ಹೋಗುತ್ತವೆ ಎಂದು ಕೊನೆಗೆ ಬರೆದರು. "ಬರೂದು ತಮ್ಮ ಹೊಟ್ಟಿ ಸಲುವಾಗಿ, ಹೋಗೂದು ಮಕ್ಕಳ ಸಲುವಾಗಿ." ಇದು ಏಳನೆಯ ವಹಿಯಲ್ಲಿದೆ. ಮಕ್ಕಳಿಲ್ಲದ ಮನೆಯಲ್ಲಿ ಕೂತು ಬರೆದ ಮಾತು.

ಆಮೇಲೆ ಪಂಜರ ಬಂತು. ಬಲೆಗೆ ಸಿಕ್ಕ ಎರಡು ಭೋರಡಿಗಳನ್ನು ತಂದು ಬಿದಿರಿನ ದುಂಡು ಪಂಜರದಲ್ಲಿಟ್ಟು ಅಂಗಳದಲ್ಲಿ ತೂಗಿಬಿಟ್ಟರು. ಚಳಿಗಾಲವೆಲ್ಲ ಅವು ಸುಮ್ಮನಿದ್ದವು. ಚೈತ್ರ ಬಂದದ್ದೇ, ಹೊತ್ತು ಏರಿದ ಮೇಲೆ ಎರಡೂ ಪಂಜರದ ವಾಯವ್ಯ ಮಗ್ಗುಲಿಗೆ ಹೋಗಿ ರೆಕ್ಕೆ ಬಡಿಯತೊಡಗಿದವು. ಪಂಜರ ತಿರುಗಿಸಿದರು. ಮತ್ತೆ ಅದೇ ದಿಕ್ಕು. ಆದರೆ ಮೋಡ ಮುಚ್ಚಿದ ಬೆಳಗುಗಳಲ್ಲಿ ಅವು ಒಂದು ಆ ಕಡೆ, ಒಂದು ಈ ಕಡೆ ಹಾರಾಡಿ ದಣಿದು ಕೂಡುತ್ತಿದ್ದವು. ಎರಡು ಚೈತ್ರ ನೋಡಿದ ಮೇಲೆ ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದರು: "ಬಾಳಾ, ಇವು ಹೊತ್ತ ನೋಡಿ ದಾರಿ ಹಿಡೀತಾವ. ಹೊತ್ತ ಕಾಣದಿದ್ರ ಇವಕ್ಕ ದಿಕ್ಕ ತಿಳಿಯೂದುಲ್ಲ." ನಾನು ಸಾರು ಬಡಿಸುತ್ತಿದ್ದೆ. ಹೂಂ ಎಂದೆ ಅಷ್ಟೇ. ಹಕ್ಕಿ ಸೂರ್ಯನನ್ನು ನೋಡಿ ದಾರಿ ಹಿಡಿಯುತ್ತದೆಂಬುದು ಎಷ್ಟು ದೊಡ್ಡ ಮಾತೆಂದು ಆಗ ನನಗೆ ತಿಳಿದಿರಲಿಲ್ಲ.

ತಿಳಿದದ್ದು ರಾವಸಾಹೇಬನಿಗೆ. ಕೊಲ್ಹಾಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಪ್ರೊಫೆಸರ್. ತಾಯಿ ನಿಪ್ಪಾಣಿಯವಳು, ಕನ್ನಡ ಚೆನ್ನಾಗಿ ಬರುತ್ತದೆ. ತನಗೆ ಬೇಕಾದಾಗ ಕನ್ನಡ, ನಮ್ಮನ್ನು ದೂರ ಇಡಬೇಕಾದಾಗ ಮರಾಠಿ. ಹಕ್ಕಿಯ ವಹಿ ಬರೆಯುವ ರೈತನೊಬ್ಬನಿದ್ದಾನೆಂದು ಕೇಳಿ, ೧೯೫೮ರ ದೀಪಾವಳಿ ಮುಗಿದ ಮೇಲೆ ಮೋಟರ್ ಸೈಕಲ್ ಏರಿ ಬಂದ. ನಮ್ಮ ಪಡಸಾಲೆಯಲ್ಲಿ ಕೂತು ಶೇಂಗಾ ಹೋಳಿಗೆ ಉಂಡ. ಹನ್ನೊಂದೂ ವಹಿಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ಓದಿದ. "ಬಸಗೊಂಡ ಪಾಟೀಲರ, ಇದ ನಿಮ್ಮ ಮನ್ಯಾಗ ಕೊಳೀಬಾರದ್ರಿ. ಹದಿನೈದ ದಿನದಾಗ ನೋಡಿ ಕೊಡ್ತೇನಿ" ಎಂದ. ಇವರು ವಹಿಗಳನ್ನು ಹೊಸ ಪಂಜೆಯಲ್ಲಿ ಕಟ್ಟಿಕೊಟ್ಟರು. ಕೊಡುವಾಗ ಅವರ ಮುಖ ನೋಡಬೇಕಿತ್ತು ನೀನು.

ಹದಿನೈದು ದಿನ ಒಂದೂವರೆ ವರ್ಷವಾಯಿತು. ಹಳೆಯವು ತಿರುಗಿ ಬರಲಿ ಎಂದು ಇವರು ಹೊಸ ವಹಿ ಹಿಡಿಯದೆ ಕಾದರು. ೧೯೬೦ರಲ್ಲಿ ಮುಂಬಯಿಯ ದೊಡ್ಡ ಪತ್ರಿಕೆಯಲ್ಲಿ ಆ ಮನುಷ್ಯನ ಲೇಖನ ಬಂತು. ಪಂಜರ, ವಾಯವ್ಯ, ಮೋಡ, ಎಲ್ಲ. ಶಿರೋಳದ ಹೆಡ್‌ಮಾಸ್ತರರೊಬ್ಬರು ತಂದು ಓದಿ ಹೇಳಿದರು. ನಿನ್ನ ಅಣ್ಣನ ಹೆಸರು ಎಲ್ಲಿಯೂ ಇರಲಿಲ್ಲ. "ಗಡಿಭಾಗದ ಒಬ್ಬ ರೈತನ ನೆರವಿನಿಂದ ಪಕ್ಷಿಗಳನ್ನು ಹಿಡಿಯಲಾಯಿತು" ಎಂಬ ಒಂದು ಸಾಲಿತ್ತು.

ಇವರು ಧೋತರ, ಕೋಟು, ಹಳದಿ ರುಮಾಲು ತೊಟ್ಟು ಕೊಲ್ಹಾಪುರಕ್ಕೆ ಹೋದರು. ಕೇಳಿ ಬರುತ್ತೇನೆ, ಮರೆತಿರಬೇಕು ಎಂದರು. ಎರಡು ತಾಸು ವರಾಂಡದಲ್ಲಿ ಕಾಯಿಸಿ ಆ ಮನುಷ್ಯ ಹೊರಗೆ ಬಂದ. ಕೂಡು ಎನ್ನಲಿಲ್ಲ. ಅಂದು ಕನ್ನಡ ಬಾಯಿಗೆ ಬರಲಿಲ್ಲ. "ಪಾಟೀಲ, ತುಮ್ಹಿ ಜೋಂಧಳಾ ಪಿಕವಾ. ಶಾಸ್ತ್ರ ಆಮ್ಚ್ಯಾವರ ಸೋಡಾ." ಜೋಳ ಬೆಳೆಯುವುದು ಇವರ ಕೆಲಸವಂತೆ, ಶಾಸ್ತ್ರ ಅವನ ಪಾಲಿನದಂತೆ.

ಮನೆಗೆ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. "ಮರತಾನ ಅಂತ ತಿಳದಿದ್ದೆ ಬಾಳಾ. ಮರತಿಲ್ಲ. ಬೇಕಂತನ ಬಿಟ್ಟಾನ" ಎಂದರು. ಅಂದೇ ಪಂಜರದ ಬಾಗಿಲು ತೆಗೆದುಬಿಟ್ಟರು. ಮತ್ತೆ ವಹಿ ಮುಟ್ಟಲಿಲ್ಲ. ಭೋರಡಿಗಳು ಬಂದರೂ ತಲೆ ಎತ್ತಲಿಲ್ಲ. ೧೯೬೨ರ ಸಂಕ್ರಾಂತಿಯ ಹಿಂದಿನ ವಾರ ಜ್ವರ ಬಂದು ಐದು ದಿನದಲ್ಲಿ ಹೋದರು, ಅದು ನಿನಗೆ ಗೊತ್ತು. ಡಾಕ್ಟರು ಎದೆಯಲ್ಲಿ ಕಫ ಎಂದರು. ನಾನು ಡಾಕ್ಟರರ ಮಾತನ್ನು ಒಪ್ಪಿದವಳಲ್ಲ.

ತಿಂಗಳ ಮಾಸಿಕ ಮುಗಿದ ಮರುವಾರ ರಾವಸಾಹೇಬ ಬಂದ. ಕೈಯಲ್ಲಿ ತೆಂಗಿನಕಾಯಿ. ಮುಖದಲ್ಲಿ ಹೊಂದಿಸಿಕೊಂಡ ದುಃಖ. ಕಾಯಿ ಕೆಳಗಿಟ್ಟದ್ದೇ ಕೇಳಿದ:

"ಬಾಳಕ್ಕಾರ, ಪಾಟೀಲರು ಆಮ್ಯಾಲಿನ ವರ್ಷದ್ದೂ ಬರದಿಟ್ಟಿರಬೇಕಲ್ರಿ? ಮುಂಬೈಯವರು ಮುಂದಿನ ಲೇಖನ ಕೇಳಾಕತ್ತಾರ."

ಸಮಾಧಿಯ ಮಣ್ಣು ಇನ್ನೂ ಆರದಿರುವಾಗ ಮನೆಗೆ ಬಂದು ಕೇಳಿದ ಮಾತು ಇದು, ಯಮುನಾ. ಆ ಕ್ಷಣಕ್ಕೆ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಲೆ ತಣ್ಣಗಾಯಿತು.

"ಒಂದ ವಹಿ ಐತ್ರಿ" ಎಂದೆ. "ಎಲ್ಲಿಟ್ಟಾರೋ ಹುಡುಕಬೇಕು. ಎಂಟ ದಿನ ಬಿಟ್ಟ ಬರ್ರಿ."

ಅಂಥ ವಹಿ ಇರಲಿಲ್ಲ. ಎಂಟು ದಿನ, ಸಾಲೆ ಬಿಟ್ಟ ಮೇಲೆ ಸಂಜೆಯವರೆಗೆ, ಅವರ ಮಣೆಯ ಮೇಲೆ ಕೂತು, ಅವರದೇ ಮಸಿಯಲ್ಲಿ, ಅವರದೇ ಅಕ್ಷರದಲ್ಲಿ ನಾನು ಬರೆದೆ. ಬಂದ ದಿನ, ಹೋದ ದಿನ, ಗಾಳಿ, ಮೋಡ, ನಂಬುವಂತೆ ಬರೆದೆ. ನಡುವೆ ಒಂದೇ ಒಂದು ಸುಳ್ಳು ಇಟ್ಟೆ. ವೈಶಾಖದಲ್ಲಿ ಕೆಲವು ಭೋರಡಿಗಳು ಹಿಂದೆ ಉಳಿದವು. ಹಾಳು ಬಾವಿಯ ಕಲ್ಲುಗಳ ಸಂದಿಯಲ್ಲಿ ಗೂಡು ಕಟ್ಟಿದವು. ಗೂಡಿಗೆ ನಾಲ್ಕು ತತ್ತಿ, ಬಿಳಿಯವು, ಮೇಲೆ ಕರಿ ಚುಕ್ಕೆ. ಮೂರು ಬೇಸಿಗೆಗೂ ಹಾಗೆಯೇ ಬರೆದೆ.

ಅಕಿವಾಟದ ಯಾವ ದನಗಾಹಿಯನ್ನು ಕೇಳಿದರೂ ನಗುತ್ತಿದ್ದ. ವೈಶಾಖದಲ್ಲಿ ನಮ್ಮಲ್ಲಿ ಭೋರಡಿಯ ಒಂದು ಗರಿಯೂ ಸಿಗುವುದಿಲ್ಲ. ಒಂದೇ ಒಂದು ಮೇ ತಿಂಗಳು ಬಿಸಿಲಲ್ಲಿ ಬಂದು ಆ ಬಾವಿಯೊಳಗೆ ಇಣುಕಿದ್ದರೆ ನನ್ನ ಆಟ ಮುಗಿಯುತ್ತಿತ್ತು. ಆದರೆ ಮೇ ತಿಂಗಳಲ್ಲಿ ರಾವಸಾಹೇಬ ಸಂಸಾರ ಸಮೇತ ಮಹಾಬಳೇಶ್ವರಕ್ಕೆ ಹೋಗುತ್ತಾನೆಂದು, ನಮ್ಮ ಹೋಳಿಗೆ ಉಣ್ಣುವಾಗ ತಾನೇ ಹೇಳಿದ್ದ. ಆ ಮನುಷ್ಯನ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ವಹಿ ಕೊಟ್ಟೆ. ಪಡಸಾಲೆಯಲ್ಲಿಯೇ ತೆರೆದು ಓದಿದ. ತತ್ತಿಯ ಪುಟಕ್ಕೆ ಬಂದಾಗ ಬೆರಳು ಅಲ್ಲಿಯೇ ನಿಂತಿತು. "ಇದನ್ನ ಮತ್ತ ಯಾರಿಗರೆ ತೋರಿಸೀರೇನ್ರಿ?" ಎಂದ. "ಇಲ್ರಿ" ಎಂದೆ. ಈ ಹಕ್ಕಿ ನಮ್ಮ ದೇಶದಲ್ಲಿ ಗೂಡು ಕಟ್ಟುತ್ತದೆಂದು ಮೊದಲು ಹೇಳುವವನಿಗೆ ಎಷ್ಟು ಹೆಸರು ಬರುತ್ತದೆಂದು ಆ ಕಣ್ಣಿನಲ್ಲಿ ಓದಿಕೊಂಡೆ. ಚಹಾ ಕೊಟ್ಟು ಕಳಿಸಿದೆ.

ಆ ಜೂನ್‌ನಲ್ಲಿ ನನಗೆ ಗಡಹಿಂಗ್ಲಜದ ಸಾಲೆಗೆ ವರ್ಗವಾಯಿತು. ಎರಡು ವರ್ಷ ಕಾದೆ. ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತಾಗಲೂ ನಾನು ಬೇಡಿಕೊಂಡದ್ದು ಅದೊಂದನ್ನೇ. ರಾವಸಾಹೇಬನಿಗೆ ಆಯುಷ್ಯ ಕೊಡು, ಆರೋಗ್ಯ ಕೊಡು, ಅವನು ಬೀಳುವುದನ್ನು ನಾನು ನೋಡುವ ದಿನದವರೆಗೆ ಏನೂ ಆಗದಿರಲಿ ಎಂದು. ತಾಯಿ ಕೂಡ ಮಗನಿಗಾಗಿ ಅಷ್ಟು ಬೇಡಿಕೊಂಡಿರಲಿಕ್ಕಿಲ್ಲ.

ಈ ಆಗಸ್ಟ್‌ನಲ್ಲಿ ಪೇಪರಿನಲ್ಲಿ ಬಂತು: ಕೊಲ್ಹಾಪುರದಲ್ಲಿ ಪ್ರೊಫೆಸರ್ ರಾವಸಾಹೇಬರ ಸತ್ಕಾರ, ಅವರ ಹೊಸ ಶೋಧದ ಬಗ್ಗೆ ವ್ಯಾಖ್ಯಾನ, ಮುಂಬಯಿಯಿಂದ ಪಕ್ಷಿಶಾಸ್ತ್ರದ ಸಂಶೋಧಕರೊಬ್ಬರು ಬರುವರು. ಹದಿನಾರನೆಯ ತಾರೀಖು, ಭಾನುವಾರ. ಮೊದಲನೆಯ ಬಸ್ಸಿಗೆ ಹೋದೆ. ಮದುವೆಯ ಇಳಕಲ್ ಸೀರೆ ಉಟ್ಟುಕೊಂಡಿದ್ದೆ. ನಗಬೇಡ.

ಸಭಾಗೃಹ ತುಂಬಿತ್ತು. ಶಾಲು, ಹಾರ, ಫೋಟೋ. ಆ ಮನುಷ್ಯ ಒಂದು ತಾಸು ಮಾತಾಡಿದ. ಹಾಳು ಬಾವಿಯನ್ನು ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ಅದನ್ನು ಬರೆದ ನನಗೇ ಅದು ಕಣ್ಣಿಗೆ ಕಟ್ಟಿತು. ಮುಗಿದ ಮೇಲೆ ಮುಂಬಯಿಯವರು ಎದ್ದರು. ತೆಳ್ಳಗಿನ, ಕನ್ನಡಕದ ಮನುಷ್ಯ, ಮೆಲುದನಿ. ಗೂಡುಗಳನ್ನು ನೀವು ಸ್ವತಃ ನೋಡಿದಿರೇನು ಎಂದು ಮರಾಠಿಯಲ್ಲಿ ಕೇಳಿದರು.

"ಸ್ವತಃ. ಹ್ಯಾ ಡೋಳ್ಯಾಂನೀ" ಎಂದು ರಾವಸಾಹೇಬ ಎರಡು ಬೆರಳಿನಿಂದ ತನ್ನ ಕಣ್ಣು ತೋರಿಸಿದ.

ತತ್ತಿಯ ಬಣ್ಣ ಕೇಳಿದರು. ಬಿಳಿ, ಕರಿ ಚುಕ್ಕೆ. ಮುಂಬಯಿಯವರು ಕನ್ನಡಕ ತೆಗೆದು ಒರೆಸಿದರು. ತಮ್ಮ ಸಂಗ್ರಹದಲ್ಲಿ ದೂರದೇಶದಿಂದ ತಂದ ಈ ಹಕ್ಕಿಯ ತತ್ತಿಗಳಿವೆ, ತಿಳಿನೀಲಿ, ಒಂದು ಚುಕ್ಕೆಯೂ ಇಲ್ಲ ಎಂದರು. ರಾವಸಾಹೇಬ ತಡವರಿಸಲಿಲ್ಲ. ಈ ಪ್ರದೇಶದ ಮಣ್ಣಿನ ಗುಣ, ಇಲ್ಲಿಯ ಆಹಾರ ಎಂದು ಏನೋ ಹೇಳತೊಡಗಿದ. ಆಗ ನಾನು ಎದ್ದು ನಿಂತೆ. ಕನ್ನಡದಲ್ಲಿಯೇ ಹೇಳಿದೆ:

"ರಾವಸಾಹೇಬರ, ಆ ತತ್ತಿ ಇಟ್ಟಾಕಿ ನಾನ್ರಿ."

ಹಿಂದಿನ ಸಾಲಿನಲ್ಲಿ ಕನ್ನಡ ಬಲ್ಲ ಯಾರೋ ನಕ್ಕರು. ಆಮೇಲೆ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದೆ. ನಾನು ಯಾರ ಹೆಂಡತಿ, ಹನ್ನೊಂದು ವಹಿ ಯಾರದು, ಹನ್ನೆರಡನೆಯದನ್ನು ಯಾರು, ಯಾವ ಎಂಟು ದಿನ ಬರೆದರು. ಬರೆಯುವ ಮುಂಚೆ ಗೀಚಿದ ಕರಡು ಹಾಳೆಗಳನ್ನು ಚೀಲದಿಂದ ತೆಗೆದು ಮುಂಬಯಿಯವರ ಕೈಗೆ ಕೊಟ್ಟೆ. "ಇಲ್ಲದ ಗೂಡನ್ನು ಇವರು ಯಾವ ಕಣ್ಣಿನಿಂದ ನೋಡಿದರೆಂದು ಕೇಳಿರಿ" ಎಂದೆ.

ಕೇಳುವುದು ಉಳಿದಿರಲಿಲ್ಲ. ಆ ಮನುಷ್ಯ ಕುರ್ಚಿಗೆ ಕೈ ಹಚ್ಚಿ ಕೂತ. ಶಾಲು ಹೆಗಲಿಂದ ಜಾರಿ ನೆಲಕ್ಕೆ ಬಿತ್ತು, ಯಾರೂ ಎತ್ತಿ ಕೊಡಲಿಲ್ಲ. ನಾನು ಅದನ್ನು ಪೂರ್ತಿ ನೋಡಿದೆ ಯಮುನಾ, ಒಂದು ರೆಪ್ಪೆ ಬಡಿಯದೆ. ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಾಗ ಹಸಿವಾಯಿತು. ನಿನ್ನ ಅಣ್ಣ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಎರಡು ವಾರದ ಮೇಲೆ ರಾವಸಾಹೇಬ ಇಲ್ಲಿಗೇ ಬಂದ. ಮೋಟರ್ ಸೈಕಲ್ ಇರಲಿಲ್ಲ, ಎಸ್.ಟಿ. ಬಸ್ಸಿನಲ್ಲಿ ಬಂದಿದ್ದ. ಕಾಲೇಜಿನವರು ರಾಜೀನಾಮೆ ಬರೆಸಿಕೊಂಡಿದ್ದರು. ನಾನು ಒಳಗೆ ಕೂತು ಹುಡುಗಿಯರ ಕಾಪಿ ತಿದ್ದಿದೆ. ಅವನು ಕಟ್ಟೆಯ ಮೇಲೆ ಕೂತ. ಎರಡು ತಾಸು. ಗಡಿಯಾರ ನೋಡಿಯೇ ಹೊರಗೆ ಬಂದೆ. ನೀರು ಬೇಕೇ ಎನ್ನಲಿಲ್ಲ.

"ಬಾಳಕ್ಕಾರ, ಹೆಸರ ಹಾಕ್ರಿ ಅಂತ ಒಂದ ಮಾತ ಹೇಳಿದ್ರ ಹಾಕ್ತಿದ್ನೆಲ್ರಿ. ಇಷ್ಟ ಯಾಕ ಮಾಡಿದ್ರಿ?"

"ಅವರು ಹೇಳಾಕ ಬಂದಿದ್ರಲ್ರಿ, ರುಮಾಲ ಸುತ್ತಿಕೊಂಡು."

"ತಪ್ಪಾತ್ರಿ. ಮಾಫ್ ಮಾಡ್ರಿ. ನನಗೂ ಮಕ್ಕಳದಾರ."

"ಮಾಫ್ ಮಾಡಾವ್ರು ಅಕಿವಾಟದ ಹೊಲದಾಗ ಮಲಗ್ಯಾರ. ಅಲ್ಲಿ ಹೋಗಿ ಕೇಳ್ರಿ. ಬಸ್ಸ ಜಯಸಿಂಗಪುರದ ಮ್ಯಾಲಿಂದ ಹೋಗತೈತಿ."

ಬಾಗಿಲು ಹಾಕಿಕೊಂಡೆ. ಅವನು ಅಕಿವಾಟಕ್ಕೆ ಹೋದನೋ ಮನೆಗೆ ಹೋದನೋ ನನಗೆ ಗೊತ್ತಿಲ್ಲ. ನನ್ನನ್ನು ಕಲ್ಲೆದೆಯವಳು ಎನ್ನು, ಒಪ್ಪುತ್ತೇನೆ. ಅವನ ಮಕ್ಕಳ ಮಾತು ಕಿವಿಗೆ ಬಿದ್ದಾಗಲೂ ನನಗೆ ಕನಿಕರ ಬರಲಿಲ್ಲ. ಬಂದಿದೆಯೇ ಎಂದು ಒಳಗೆ ಹುಡುಕಿದೆ. ಇರಲಿಲ್ಲ.

ನಿನ್ನ ಯಜಮಾನರಿಗೆ ಮಗ್ಗದ ಧೂಳಿನ ಕೆಮ್ಮು ಎಂದು ಬರೆದಿದ್ದೆ. ಜ್ಯೇಷ್ಠಮಧು ಕುಟ್ಟಿ ಜೇನಿನಲ್ಲಿ ಕೊಡು, ಪಾಳಿಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ದಸರೆಗೆ ನಾನೇ ಬರುತ್ತೇನೆ, ಹಬ್ಬ ತಪ್ಪಿಸಿದ್ದಕ್ಕೆ ಮೂರು ದಿನ ಇದ್ದು ಹೋಗುತ್ತೇನೆ. ನಿನ್ನ ಮನೆ ತುಂಬಿರಲಿ, ನಿನ್ನ ಮಕ್ಕಳಿಗೆ ಯಾರ ವರಾಂಡದಲ್ಲಿಯೂ ಕಾಯುವ ಹೊತ್ತು ಬಾರದಿರಲಿ.

ನಿನ್ನ,
ಬಾಳಕ್ಕ ವೈನಿ

ತಾ.ಕ.: ಪತ್ರ ಮಡಿಸಿ ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ಹೇಳದೆ ಕಳಿಸಲಾರೆ. ನೀನು ಅವರ ತಂಗಿ.

ಮೊನ್ನೆ ಶುಕ್ರವಾರ ಮುಂಬಯಿಯವರ ಪತ್ರ ಬಂತು. ರಾವಸಾಹೇಬನಿಂದ ಹನ್ನೆರಡೂ ವಹಿಗಳನ್ನು ತರಿಸಿಕೊಂಡು ಕನ್ನಡ ಬಲ್ಲವರಿಂದ ಓದಿಸಿದ್ದಾರೆ. ಮೋಡದ ದಿನ ಪಂಜರದ ಹಕ್ಕಿ ದಿಕ್ಕು ತಪ್ಪುತ್ತದೆಂಬ ಮಾತು ಕಾಲೇಜಿನಲ್ಲಿ ಕೂತವರಿಂದ ಬರುವಂಥದ್ದಲ್ಲ, ಅದನ್ನು ನೋಡಿದ ರೈತ ಯಾರೆಂದು ವಿಚಾರಿಸಲೆಂದೇ ಅವರು ಅಂದು ಕೊಲ್ಹಾಪುರಕ್ಕೆ ಬಂದಿದ್ದರಂತೆ. ನಿನ್ನ ಅಣ್ಣನ ಹೆಸರಿನಲ್ಲಿಯೇ ಅಚ್ಚು ಹಾಕಿಸುವ ಮನಸ್ಸಿತ್ತಂತೆ. ಈಗ ಆಗುವುದಿಲ್ಲವಂತೆ. ಹನ್ನೆರಡರಲ್ಲಿ ಒಂದು ಸುಳ್ಳೆಂದು ಬರೆದವರೇ ಒಪ್ಪಿದ ಮೇಲೆ, ಉಳಿದ ಹನ್ನೊಂದು ಬೇರೆ ಕೈಯವೆಂದು ಹೇಳಲು ಅಕ್ಷರದಲ್ಲಿ ಏನೂ ವ್ಯತ್ಯಾಸವಿಲ್ಲವಂತೆ. ರಾವಸಾಹೇಬನ ೧೯೬೦ರ ಲೇಖನವನ್ನೂ ವಹಿಗಳನ್ನೂ ಬದಿಗಿಟ್ಟಿದ್ದಾರೆ. ನೋಡಿದ ಬೇರೆ ಸಾಕ್ಷಿ ಇದ್ದರೆ ತಿಳಿಸಿರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಾರೆ.

ರಾವಸಾಹೇಬ ಹೆಸರನ್ನಷ್ಟೇ ಅಳಿಸಿದ್ದ. ಹನ್ನೊಂದು ವರ್ಷ ಅವರು ನೋಡಿದ್ದನ್ನೆಲ್ಲ ಅಳಿಸಿದವಳು ನಾನು.

೧೯೫೭ರ ಚೈತ್ರದಲ್ಲಿ ನೀನು ಬಾಣಂತನಕ್ಕೆ ಅಕಿವಾಟಕ್ಕೆ ಬಂದಿದ್ದೆ. ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತ ಕೂಡುತ್ತಿದ್ದೆ. ಆ ಹಕ್ಕಿಗಳು ವಾಯವ್ಯಕ್ಕೆ ಬಡಿದುಕೊಳ್ಳುವುದನ್ನು, ಮೋಡದ ದಿನ ದಿಕ್ಕುಗೆಡುವುದನ್ನು ಒಂದು ಸಲವಾದರೂ ನೋಡಿದ ನೆನಪಿದ್ದರೆ ಮುಂಬಯಿಗೆ ನಾಲ್ಕು ಸಾಲು ಬರೆ. ವಿಳಾಸ ಈ ಹಾಳೆಯ ಹಿಂದೆ ಇದೆ. ನೋಡಿರದಿದ್ದರೆ ಬರೆಯಬೇಡ, ಯಮುನಾ. ನನ್ನ ಮೇಲಿನ ಪ್ರೀತಿಗಾಗಿ ಬರೆಯಬೇಡ. ಅವರ ಹೆಸರಿನಲ್ಲಿ ಇನ್ನೊಂದು ಸುಳ್ಳು ಬೇಡ.